ಅಂಕಿಗಳಲ್ಲಿ ನಟಿಸಿದ ಅಜ್ಜೇರಿಗೆ

ಅಜ್ಜೇರೇ,

ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂದು ನನಗೆ ಗೊತ್ತು. ಬದುಕಿದ್ದಾಗ ಕಲಿಯದವರು ಈಗ ಅಲ್ಲಿ ಕೂತು ಕಲಿತಿರುತ್ತೀರಿ ಎಂಬ ಭ್ರಮೆಯೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕ್ಲಿನಿಕ್ಕಿನ ರಿಪೋರ್ಟಿನ ಹಾಗೆ ಆಗುತ್ತದೆ. ನನ್ನ ಇಟಾಲಿಯನ್ ಹತ್ತರವರೆಗೆ ಎಣಿಸುವುದರಲ್ಲಿ ಮುಗಿದುಹೋಗುತ್ತದೆ. ಹೇಳಬೇಕಾದದ್ದನ್ನು ಇನ್ನೊಬ್ಬರ ಭಾಷೆಯಲ್ಲಿ ಹೇಳಿದರೆ ಅದು ನನ್ನ ಸ್ವರವಾಗುವುದಿಲ್ಲ, ಮತ್ತು ಸ್ವರದ ವಿಷಯದಲ್ಲಿ ನಾನೆಂಥ ಹಠಮಾರಿ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನೆ ನಿಮ್ಮ ಮಗಳು ಪಾವೊಲಾ ಫೋನ್ ಮಾಡಿ, "ಪಪಾಗೆ ಹೇಳಿದ್ಯಾ?" ಎಂದು ಕೇಳಿದಳು. ಅಬುಧಾಬಿಯಿಂದ ತಂದ ಒಂದು ಸುದ್ದಿ ಇದೆ. ಅದನ್ನು ನೇರವಾಗಿ ಹೇಳಿಬಿಡಬಹುದು, ಆದರೆ ನೀವು ಕಥೆಯನ್ನು ಕೊನೆಯಿಂದ ಹೇಳುವವರನ್ನು ಕಂಡರೆ ಸಿಡುಕುತ್ತಿದ್ದಿರಿ. ಆದ್ದರಿಂದ ಮೊದಲಿನಿಂದಲೇ ಬರುತ್ತೇನೆ.

ಮೊದಲ ದಿನ ದುಬೈಯ ಮಿರ್ದಿಫ್‌ನ ನಿಮ್ಮ ಮನೆಯ ಗೇಟು ತೆರೆದಾಗ ತಲೆಯ ಮೇಲೆಯೇ ಒಂದು ವಿಮಾನ ಇಳಿಯುತ್ತಿತ್ತು. ಪಾವೊಲಾ ಏನೋ ಹೇಳಿದಳು, ಕೇಳಿಸಲಿಲ್ಲ. ಅವಳು ಅಭ್ಯಾಸವಾದವರಂತೆ ಸುಮ್ಮನೆ ನಿಂತು, ಸದ್ದು ಹೋದ ಮೇಲೆ ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಹೇಳಿದಳು: "ಆಸ್ಪತ್ರೆಯಿಂದ ಬಂದ ಮೇಲೆ ಪಪಾ ಒಂದೇ ಒಂದು ಮಾತೂ ಆಡಿಲ್ಲ." ಸ್ಟ್ರೋಕ್ ಆಗಿ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಉಡುಪಿ ಕಡೆಯವಳು ನಾನು, ಮಂಗಳೂರಿನಲ್ಲಿ ಓದಿ ದುಬೈಯ ಕ್ಲಿನಿಕ್ಕಿಗೆ ಬಂದು ಅರ್ಧ ಆಯುಷ್ಯ ಇಲ್ಲೇ ಕಳೆದವಳು. ಇಟಾಲಿಯನ್ ಬಲ್ಲ ಥೆರಪಿಸ್ಟ್ ಎಲ್ಲೂ ಸಿಗದೆ ಪಾವೊಲಾ ನನ್ನನ್ನು ಒಪ್ಪಿಕೊಂಡಿದ್ದಳು. ನಿಮ್ಮ ಹಾಲಿನ ಗೋಡೆ ತುಂಬ ಹಳೆಯ ಸಿನಿಮಾ ಪೋಸ್ಟರುಗಳು. ಪ್ರತಿಯೊಂದರಲ್ಲೂ ನೀವು ಒಂದು ಮೂಲೆಯಲ್ಲಿ, ಕೈಯಲ್ಲಿ ಕತ್ತಿ, ಇಲ್ಲವೆಂದರೆ ಪಿಸ್ತೂಲು. ನಡುವೆ ನಿಂತ ಹೀರೋ ಮಾತ್ರ ಯಾವಾಗಲೂ ಬೇರೆಯವನು. ಆ ಪೋಸ್ಟರುಗಳ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿಕೊಂಡಿರಿ. ಈ ಅಜ್ಜನಿಗೆ ಮಾತು ಬರಿಸದೆ ಬಿಡುವವಳಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಅಂದುಕೊಂಡೆ.

ಎಣಿಸಲು ಹೇಳಿಕೊಟ್ಟ ಆ ಬೆಳಿಗ್ಗೆ ನೆನಪಿದೆಯೇ? ಮಾತು ಹೋದರೂ ಬಾಯಿಪಾಠ ಉಳಿಯುವುದುಂಟು. ಅಂಕಿಗಳು, ವಾರಗಳ ಹೆಸರು, ಚಿಕ್ಕಂದಿನ ಪ್ರಾರ್ಥನೆ, ಇವು ಹೇಗೋ ತಪ್ಪಿಸಿಕೊಂಡು ಉಳಿದುಬಿಡುತ್ತವೆ. ಆದ್ದರಿಂದ ನಾವು ಅಂಕಿಗಳಿಂದಲೇ ಶುರುಮಾಡುತ್ತೇವೆ. ನಾನು ಕಾರಿನಲ್ಲಿ ಬರುತ್ತಾ ಕಲಿತಿದ್ದ ಊನೊ, ದೂಎ, ತ್ರೆ ಹೇಳಿದೆ. ನೀವು ಒಮ್ಮೆ ಗಂಟಲು ಸರಿಮಾಡಿಕೊಂಡು ಎಣಿಸತೊಡಗಿದಿರಿ. ನಾಲ್ಕಕ್ಕೆ ಬರುವಾಗ ಕಣ್ಣು ತುಂಬಿತು. ಆರಕ್ಕೆ ನನ್ನ ಕೈ ಹಿಡಿದಿರಿ. ಎಂಟನ್ನು ಪಿಸುಗುಟ್ಟಿ, ಒಂಬತ್ತನ್ನು ನುಂಗಿ, ತಲೆ ತಗ್ಗಿಸಿದಿರಿ. ಸ್ಟ್ರೋಕ್ ಆದವರಿಗೆ ಕಾರಣವಿಲ್ಲದೆ ಅಳು ಬರುವುದು ನಾನು ಬೇಕಾದಷ್ಟು ಕಂಡದ್ದೇ. ಇದೂ ಅದೇ ಎಂದುಕೊಂಡು ಟಿಶ್ಯೂ ಡಬ್ಬಿ ಹತ್ತಿರ ಸರಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಾವೊಲಾ ಎಷ್ಟೋ ದಿನಗಳ ಮೇಲೆ ನಕ್ಕಳು. "ಪಪಾ ಅಳ್ತಾ ಇಲ್ಲ, ಸುಮಿತ್ರಾ. ಅವ್ರು ನಿಂಗೆ ವಿದಾಯ ಹೇಳ್ತಿದ್ದಾರೆ. ಇದು ಪ್ರೇಮದ ಸೀನು."

ಅವಳು ವಿವರಿಸಿದ ಮೇಲೇ ನನಗೆ ಅರ್ಥವಾದದ್ದು. ನಿಮ್ಮ ಕಾಲದ ರೋಮಿನಲ್ಲಿ ಸಿನಿಮಾ ತೆಗೆಯುವಾಗ ಮಾತು ಹಿಡಿಯುತ್ತಲೇ ಇರಲಿಲ್ಲವಂತೆ. ಒಂದೇ ಸೀನಿನಲ್ಲಿ ಒಬ್ಬ ಸ್ಪೇನಿನವನು, ಒಬ್ಬ ಜರ್ಮನ್, ಒಬ್ಬ ಅಮೆರಿಕದವನು, ತಂತಮ್ಮ ಭಾಷೆಯಲ್ಲಿ ಒದರುತ್ತಿದ್ದರಂತೆ. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಬೇರೆಯವರು ಕೂರಿಸುತ್ತಿದ್ದರು. ಅಂದಮೇಲೆ ಸಣ್ಣ ಪಾತ್ರದವರು ಸಂಭಾಷಣೆ ಉರುಹೊಡೆದು ಏನು ಪ್ರಯೋಜನ? ತುಟಿ ಅಲುಗಿದರೆ ಸಾಕು. ನಿರ್ದೇಶಕ ನಿಮಗೆ, ಇಪ್ಪತ್ತರವರೆಗೆ ಎಣಿಸು, ಹನ್ನೆರಡರಲ್ಲಿ ಸಿಟ್ಟು ಬರಲಿ, ಹದಿನೆಂಟರಲ್ಲಿ ಸಾಯಿ ಎನ್ನುತ್ತಿದ್ದ. ನೀವು ಅಂಕಿಗಳಲ್ಲೇ ಕೊಲೆ ಮಾಡಿದ್ದೀರಿ, ಅಂಕಿಗಳಲ್ಲೇ ಕ್ಷಮೆ ಕೇಳಿದ್ದೀರಿ. ಮನೆಗೆ ಬಂದು ಗಂಡನಿಗೆ ಫೋನಿನಲ್ಲಿ ಇದನ್ನು ಹೇಳುವಾಗ ನನಗೆ ನಗು ಬಂತು, ಹೇಳಿ ಮುಗಿಸುವಾಗ ಯಾಕೋ ಬರಲಿಲ್ಲ.

ಮಾತು ಒಂದೊಂದೇ ಮರಳಿ ಬಂದ ಆ ತಿಂಗಳುಗಳಲ್ಲಿ ನಿಮ್ಮ ಜೀವನವೂ ಚೂರುಚೂರಾಗಿ ಬಂತು, ಅರ್ಧ ಇಟಾಲಿಯನ್, ಅರ್ಧ ಇಂಗ್ಲಿಷ್, ಉಳಿದದ್ದು ಕೈಸನ್ನೆ. ಬೆಟ್ಟದ ಮೇಲಿನ ಹಳ್ಳಿ. ಕಲ್ಲು ಕಟ್ಟುವ ಅಪ್ಪ. ಕುದುರೆಯಿಂದ ಬಿದ್ದರೂ ಏನೂ ಆಗದೆ ಎದ್ದುಬರುತ್ತಿದ್ದ ಹುಡುಗ ಎಂಬ ಒಂದೇ ಅರ್ಹತೆಯ ಮೇಲೆ ಸಿನಿಮಾಕ್ಕೆ ಸೇರಿದಿರಿ. ಮೊದಲು ಚಪ್ಪಲಿ ತೊಟ್ಟ ಪುರಾತನ ಸೈನಿಕ. ಆಮೇಲೆ ಕೌಬಾಯ್ ಚಿತ್ರಗಳ ಕಾಲ ಬಂತು, ಖಳನಾಯಕನ ಬಲಗೈ ಬಂಟನಾದಿರಿ. ಅಲ್ಲಿ ನಿಮ್ಮ ಆಂಬ್ರೋಜೊ ಎಂಬ ಹೆಸರೂ ನಡೆಯುವುದಿಲ್ಲವೆಂದು ಅಮೆರಿಕದ ಒಂದು ಹೆಸರು ಅಂಟಿಸಿದರು. ಆಮೇಲೆ ಪೊಲೀಸ್, ಆಮೇಲೆ ಭೂತ ಬಂಗಲೆಯ ಕಾವಲುಗಾರ, ಕೂದಲು ಬೆಳ್ಳಗಾದ ಮೇಲೆ ಟೀವಿಯಲ್ಲಿ ಪಾದ್ರಿ. ಹೆಂಡತಿ ತೀರಿಕೊಂಡ ಮೇಲೆ, ವಿಮಾನ ಕಂಪನಿಯಲ್ಲಿ ಕೆಲಸ ಮಾಡುವ ಮಗಳ ಮನೆಗೆ ದುಬೈಗೆ ಬಂದಿರಿ. ಇಷ್ಟು ಉದ್ದದ ದುಡಿಮೆಯಲ್ಲಿ ಒಮ್ಮೆಯೂ, ಒಂದೇ ಒಂದು ಚಿತ್ರದಲ್ಲೂ ನಿಮ್ಮ ಸ್ವಂತ ಸ್ವರ ಇಲ್ಲ. ಬೆಟ್ಟದ ಉಚ್ಚಾರ, ತೆಳು ಸ್ವರ, ದಪ್ಪ ಮೀಸೆಯ ಮುಖಕ್ಕೆ ಹೊಂದುವುದಿಲ್ಲ ಎಂದು ಅಂದವನು ಯಾರು? ಯಾರೋ ಒಬ್ಬ. ಅಲ್ಲಿಂದ ಮುಂದೆ ಗುಡುಗಿನಂಥ ಸ್ವರದ ಒಬ್ಬ ಕಲಾವಿದರೇ ನಿಮ್ಮ ಎಲ್ಲ ಪಾತ್ರಗಳಿಗೂ ಮಾತಾಡಿದರು. ಅವರ ಮೇಲೆ ನಿಮಗೆ ಸಿಟ್ಟಿರಲಿಲ್ಲ. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಅವರ ಮನೆಗೆ ಒಂದು ಬಾಟಲಿ ವೈನ್ ಕಳಿಸುತ್ತಿದ್ದಿರಂತೆ.

ಮಿರ್ದಿಫ್‌ನ ಪಾರ್ಕಿನಲ್ಲಿ ನಾವು ನಡೆಯುತ್ತಿದ್ದಾಗ ಆ ಲೆಬನಾನಿನ ಮುದುಕರು ಎದುರಾದದ್ದು ನಿಮಗೆ ಮರೆತಿರಲಿಕ್ಕಿಲ್ಲ. ದೂರದಿಂದಲೇ ಎರಡೂ ಕೈ ಚಾಚಿ ಬಂದು, ನಿಮ್ಮ ಕೌಬಾಯ್ ಹೆಸರು ಹಿಡಿದು ಕರೆದು, ಎರಡೂ ಕೆನ್ನೆಗೆ ಮುತ್ತಿಟ್ಟರು. ಚಿಕ್ಕಂದಿನಲ್ಲಿ ಬೇರೂತಿನ ಟಾಕೀಸಿನಲ್ಲಿ ನಿಮ್ಮನ್ನು ನೋಡಿ ಹೆದರಿ ಸೀಟಿನ ಕೆಳಗೆ ಅಡಗುತ್ತಿದ್ದರಂತೆ. ಏನಾದರೂ ಹೇಳಿ ಎಂದು ಬೇಡಿಕೊಂಡರು. ನೀವು ಕಷ್ಟಪಟ್ಟು ಎರಡು ಮಾತು ಆಡಿದಿರಿ. ಅವರ ಮುಖ ಸಪ್ಪಗಾಯಿತು. ನನ್ನ ಕಡೆ ತಿರುಗಿ, "ಪಾಪ, ಕಾಯಿಲೆ ಇವರ ಸ್ವರವನ್ನೇ ತಗೊಂಡುಬಿಟ್ಟಿದೆ" ಎಂದರು. ಅವರು ಹೋದ ಮೇಲೆ ನೀವು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಶಬ್ದಗಳನ್ನು ಹುಡುಕಿದಿರಿ. "ಕಾಯಿಲೆ ಅಲ್ಲ," ಎಂದಿರಿ. "ಇದೇ ನನ್ನದು."

ನಾನು ನಮ್ಮ ಊರವರ ನಾಟಕದ ಕಥೆ ಹೇಳಿದ್ದು ಅದೇ ಬೆಂಚಿನ ಮೇಲೆ, ನಿಮ್ಮನ್ನು ನಗಿಸಲೆಂದು. ದುಬೈಯಲ್ಲಿರುವ ನಮ್ಮ ಕರಾವಳಿಯವರು ವರ್ಷಕ್ಕೊಮ್ಮೆ ತುಳು ನಾಟಕ ಆಡುತ್ತೇವೆ. ಬಾಡಿಗೆ ಹಾಲಿನಲ್ಲಿ ಮೈಕು ಕೈಕೊಡುತ್ತದೆಂದು ಎಲ್ಲ ಮಾತನ್ನೂ ಮೊದಲೇ ರೆಕಾರ್ಡ್ ಮಾಡಿ, ವೇದಿಕೆಯ ಮೇಲೆ ಬಾಯಿ ಆಡಿಸುವುದು ನಮ್ಮ ಪದ್ಧತಿ. ನಾನು ಪ್ರತಿ ವರ್ಷ ಅತ್ತೆಯ ಪಾತ್ರ ಮಾಡುತ್ತೇನೆ. ನನ್ನ ಸ್ವರ ಗಡಸು, ಅತ್ತೆಗೆ ನಯವಾದ ವಿಷದ ಸ್ವರ ಬೇಕು ಎಂದು ನಿರ್ದೇಶಕರು ಇನ್ನೊಬ್ಬರಿಂದ ಹೇಳಿಸುತ್ತಾರೆ. ಒಮ್ಮೆ ಪೆನ್‌ಡ್ರೈವ್ ಸಿಕ್ಕಿಹಾಕಿಕೊಂಡು ನಾನು ಬಾಯಿ ತೆರೆದೇ ನಿಂತೆ, ಮಾತು ಬರಲೇ ಇಲ್ಲ. ನೀವು ನಕ್ಕು ಕೆಮ್ಮಿ ಕಣ್ಣು ಒರೆಸಿಕೊಂಡು, "ನೀನೂ?" ಎಂದು ಕೇಳಿದಿರಿ. ಆವತ್ತಿನಿಂದಲೇ ಅಲ್ಲವೇ ನೀವು ನನ್ನ ಪೇಷಂಟ್ ಆಗಿ ಉಳಿಯದೆ ಹೋದದ್ದು? ನಮ್ಮ ಊರಿನಲ್ಲಿ ದೊಡ್ಡವರನ್ನು ಏನೆಂದು ಕರೆಯುತ್ತೇವೆ ಎಂದು ಕೇಳಿದಿರಿ. ಅಜ್ಜೇರ್ ಅಂದೆ. ಆ ಶಬ್ದ ನಿಮ್ಮ ನಾಲಿಗೆಗೆ ಥಟ್ಟನೆ ಬಂತು, ನಿಮ್ಮ ಹೆಸರೇ ಎಂಬಷ್ಟು ಸಲೀಸಾಗಿ.

ಇನ್ನೊಂದು ಸಂಜೆ ನೀವು ಹೇಳಿದ ಮಾತು ಮಾತ್ರ ನಗುವಂಥದ್ದಾಗಿರಲಿಲ್ಲ. ಪುಟ್ಟ ಪಾವೊಲಾಳನ್ನು ಅವಳ ಅಮ್ಮ ಮೊದಲ ಸಲ ಟಾಕೀಸಿಗೆ ಕರೆದುಕೊಂಡು ಹೋಗಿದ್ದರು, ನೀವೂ ಪಕ್ಕದಲ್ಲೇ ಕೂತಿದ್ದಿರಿ. ಪರದೆಯ ಮೇಲೆ ನಿಮ್ಮ ಮುಖ ಬಂತು, ಬಾಯಿ ತೆರೆಯಿತು, ಆ ಗುಡುಗು ಸ್ವರ ಕೇಳಿತು. ಮಗು ಇಡೀ ಹಾಲಿಗೆ ಕೇಳುವಂತೆ, "ಇದು ನನ್ನ ಪಪಾ ಅಲ್ಲ" ಎಂದು ಕೂಗಿತು. ಜನ ನಕ್ಕರು. ನೀವೂ ನಕ್ಕಿರಿ. "ಆದ್ರೆ ಮನೆಗೆ ಹೋಗುವಾಗ…" ಎಂದು ಶುರುಮಾಡಿದ ವಾಕ್ಯವನ್ನು ನೀವು ಮುಗಿಸಲಿಲ್ಲ. ಆ ಹೊತ್ತಿಗೆ ನಿಮಗೆ ವಾಕ್ಯ ಮುಗಿಸುವಷ್ಟು ಮಾತು ಬಂದಿತ್ತು. ಅದನ್ನು ನಾನೇ ಕಲಿಸಿದ್ದೆ. ಹಾಗಾಗಿ ಅದು ಸ್ಟ್ರೋಕಿನ ಕೆಲಸ ಅಲ್ಲವೆಂದು ನನಗೆ ತಿಳಿಯಿತು.

ಶಮ್ಮಾ ಬಂದ ದಿನ ನೀವು ಬಿಳಿ ಅಂಗಿ ಹಾಕಿ, ಮೀಸೆಗೆ ಎಣ್ಣೆ ಹಚ್ಚಿ ಕಾದಿದ್ದಿರಿ. ಅಬುಧಾಬಿಯಲ್ಲಿ ಸಿನಿಮಾ ಓದುವ ಎಮಿರಾತಿ ಹುಡುಗಿ. ಅವಳ ಅಜ್ಜನ ಹಳೆಯ ಕ್ಯಾಸೆಟ್ಟುಗಳಲ್ಲಿ ನಿಮ್ಮನ್ನು ನೋಡಿ ಬೆಳೆದವಳು, ನೀವು ಇಲ್ಲೇ ಇದ್ದೀರೆಂದು ತಿಳಿದು ಓಡಿ ಬಂದಿದ್ದಳು. ನಿಮ್ಮನ್ನು ಉಸ್ತಾದ್ ಎಂದು ಕರೆದಳು. ಅವಳ ಕಿರುಚಿತ್ರದಲ್ಲಿ ಒಬ್ಬ ಮುದುಕ ಟೈಲರ್, ಅಂಗಡಿ ಕೈಬದಲಾದ ಕೊನೆಯ ದಿನ, ಮೆಷಿನ್ನಿನ ಮುಂದೆ ಸುಮ್ಮನೆ ಕೂತಿರುತ್ತಾನೆ. ಒಳಗೆ ಯಾರೂ ಇಲ್ಲವೆಂದುಕೊಂಡು ಹೊರಗಿನಿಂದ ಶಟರ್ ಎಳೆಯುತ್ತಾರೆ. ಆಗ ಅವನು ಎದ್ದು ಹೇಳುತ್ತಾನೆ: ಶಟರ್ ಹಾಕಬೇಡಿ, ನಾನಿನ್ನೂ ಒಳಗೇ ಇದ್ದೇನೆ. ಇಡೀ ಚಿತ್ರಕ್ಕೆ ಅದೊಂದೇ ಮಾತು, ನಿಮ್ಮ ಭಾಷೆಯಲ್ಲೇ. ವಾರಗಟ್ಟಲೆ ಅದನ್ನೇ ಅಭ್ಯಾಸ ಮಾಡಿದೆವು. ನಿಮ್ಮ ಭಾಷೆಯಲ್ಲಿ ಕೊನೆಗೆ ಬರುವ 'ಒಳಗೆ' ಎಂಬ ಶಬ್ದವನ್ನು ನೀವು ಅರ್ಧಕ್ಕೆ ನುಂಗುತ್ತಿದ್ದಿರಿ. ನಾನು ಮತ್ತೆಮತ್ತೆ ತಿದ್ದಿದೆ. ಕೊನೆಗೆ ನೀವು ಮೇಜು ಕುಟ್ಟಿ, "ಇದು ಸ್ಟ್ರೋಕ್ ಅಲ್ಲ. ಇದು ನನ್ನ ಅಮ್ಮ" ಎಂದಿರಿ. ನಿಮ್ಮ ಬೆಟ್ಟದವರು ಹಾಗೇ ಹೇಳುವುದು ಎಂದು ಆಮೇಲೆ ಅರ್ಥವಾಯಿತು. ನಾನು ತಿದ್ದುವುದು ಬಿಟ್ಟೆ.

ಶೂಟಿಂಗಿನ ಬೆಳಿಗ್ಗೆ ಸತ್ವಾದ ನಮ್ಮ ಗಲ್ಲಿಗೆ ಎಂಥ ಸಂಭ್ರಮ. ನಾನಿರುವ ಹಳೆಯ ವಿಲ್ಲಾದ ಎದುರಿನ ಟೈಲರ್ ಅಂಗಡಿಯನ್ನು ಶಮ್ಮಾಳಿಗೆ ತೋರಿಸಿದ್ದೇ ನಾನು. ಗ್ಯಾರೇಜಿನವರು ಸುತ್ತಿಗೆ ಕೆಳಗಿಟ್ಟು ನೋಡಲು ಬಂದರು. ಸದ್ದಾಗುತ್ತದೆಂದು ಏಸಿ ಆರಿಸಿದ್ದರು, ನಿಮ್ಮ ಹಣೆಯ ಬೆವರನ್ನು ಪಾವೊಲಾ ಒರೆಸಿದಳು. ಶಮ್ಮಾ "ಯಲ್ಲಾ, ಆಕ್ಷನ್" ಎಂದಳು. ಶಟರ್ ಕರಕರ ಇಳಿಯತೊಡಗಿತು. ನೀವು ತಲೆ ಎತ್ತಿದಿರಿ. ಆ ಮುಖವನ್ನು ನಾನು ಎಂದೂ ಮರೆಯುವುದಿಲ್ಲ. ಆಮೇಲೆ ಬಾಯಿ ತೆರೆದು ಹೇಳಿದಿರಿ: "ಊನೊ, ದೂಎ, ತ್ರೆ… ಕ್ವಾತ್ರೊ… ಚಿಂಕ್ವೆ…"

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಸೌಂಡಿನ ಹುಡುಗಿ ಹೆಡ್‌ಫೋನ್ ತೆಗೆದು ಶಮ್ಮಾಳ ಮುಖ ನೋಡಿದಳು. ಹಿಂದಿನಿಂದ ಯಾರೋ, "ಪಾಪ, ಮರೆತುಹೋಯ್ತು ಅವ್ರಿಗೆ" ಎಂದರು. ಪಾವೊಲಾ ಗೋಡೆಯ ಕಡೆ ತಿರುಗಿದಳು. ಶಮ್ಮಾ ನನ್ನ ಹತ್ತಿರ ಬಂದು, "ಇವತ್ತಿಗೆ ಸಾಕು ಮಾಡೋಣ್ವಾ?" ಎಂದು ಪಿಸುಗುಟ್ಟಿದಳು. ಆದರೆ ನನಗೆ ಗೊತ್ತಿತ್ತಲ್ಲ, ನೀವು ಮರೆತಿರಲಿಲ್ಲ. ಕ್ಯಾಮೆರಾ ಓಡತೊಡಗಿದ ಕೂಡಲೇ ಇಡೀ ಜನ್ಮದ ಅಭ್ಯಾಸ ಮುಂದೆ ಬಂದು ನಿಂತಿತ್ತು. ಮಾತು ಹೇಗೂ ಆಮೇಲೆ ಇನ್ನೊಬ್ಬರು ಹೇಳುವವರೇ ತಾನೇ? ನಾನು ಬಂದು ನಿಮ್ಮ ಪಕ್ಕ ಮಂಡಿಯೂರಿ ಕೂತೆ. "ಅಜ್ಜೇರೇ, ಇವತ್ತು ಆಮೇಲೆ ಯಾರೂ ಬರೋದಿಲ್ಲ. ಆ ಕೋಲಿನ ತುದಿಯಲ್ಲಿ ಇರೋ ಮೈಕು ನಿಮಗೇ." ನೀವು ಕತ್ತೆತ್ತಿ ಅದನ್ನು ನೋಡಿದಿರಿ. "ನನಗಾ?" ಎಂದು ಕೇಳಿದಿರಿ.

ಎರಡನೆಯ ಟೇಕಿನಲ್ಲಿ ನೀವು ಮಾತು ಹೇಳಿದಿರಿ. ಸ್ವರ ತೆಳ್ಳಗೆ, ನಡುವೆ ಒಂದು ಕಡೆ ಒಡೆಯಿತು, ಕೊನೆಯ ಶಬ್ದ ನಿಮ್ಮ ಅಮ್ಮನ ಹಾಗೆಯೇ ಅರ್ಧ. ಮಾತಿನ ನಡುವೆ ಒಮ್ಮೆ ಕಣ್ಣು ಮೇಲೆ ಮೈಕಿನ ಕಡೆ ಹೋಯಿತು, ನಟರು ಮಾಡಬಾರದ ತಪ್ಪು. ಬಹಳ ದಣಿದಿದ್ದಿರಿ, ಶಮ್ಮಾ ಮೂರನೆಯದು ಕೇಳಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ, "ಚೆನ್ನಾಗಿ ಮಾಡ್ಲಿಲ್ಲ. ಆದ್ರೆ ಮಾಡಿದೆ" ಎಂದಿರಿ. ಆಮೇಲೆ ಏರ್‌ಪೋರ್ಟ್ ದಾಟುವಾಗ, "ಸುಮಿ, ಅದನ್ನ ಬದಲಾಯಿಸೋಕೆ…" ಎಂದು ನಿಲ್ಲಿಸಿದಿರಿ. "ಬಿಡೋದಿಲ್ಲ ಅಜ್ಜೇರೇ" ಎಂದೆ. ಅಷ್ಟು ಸುಲಭದ ಮಾತು ಅದಾಗಿರಲಿಲ್ಲ ಎಂದು ಆಗ ನನಗೇನು ಗೊತ್ತು?

ನೀವು ಹೋದ ಬೆಳಿಗ್ಗೆ ನಾನು ಬೇರೊಂದು ಮನೆಯಲ್ಲಿ ಒಬ್ಬ ಅಜ್ಜಿಗೆ ವಾರಗಳ ಹೆಸರು ಹೇಳಿಸುತ್ತಿದ್ದೆ. ಪಾವೊಲಾಳ ಮೆಸೇಜು ನೋಡಿ, ಶನಿವಾರದವರೆಗೆ ಹೇಳಿಸಿಯೇ ಎದ್ದೆ. ಅರ್ಧಕ್ಕೆ ಬಿಟ್ಟರೆ ನೀವು ಬೈಯುತ್ತಿದ್ದಿರಿ. ಸಂಜೆ ನಿಮ್ಮ ಹಾಲಿನಲ್ಲಿ ಕೂತು ಇಟಲಿಯ ಟೀವಿಯಲ್ಲಿ ನಿಮ್ಮ ಸುದ್ದಿ ನೋಡಿದೆವು. ಹಳೆಯ ಚಿತ್ರಗಳ ತುಣುಕುಗಳು ಒಂದರ ಹಿಂದೆ ಒಂದು. ಕುದುರೆ, ಧೂಳು, ನಿಮ್ಮ ಮೀಸೆ, ಆ ಗುಡುಗು ಸ್ವರ. ನಿಮ್ಮ ಸಾವಿನ ಸುದ್ದಿಯಲ್ಲೂ ಇನ್ನೊಬ್ಬರೇ ಮಾತಾಡಿದರು, ಅಜ್ಜೇರೇ. ನನಗೆ ದುಃಖಕ್ಕಿಂತ ಹೆಚ್ಚು ಸಿಟ್ಟು ಬಂತು.

ಶಮ್ಮಾ ಫೋನ್ ಮಾಡಿದಾಗ ಅವಳ ಸ್ವರದಲ್ಲೇ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಅವಳ ಮೇಷ್ಟರಿಗೆ ಮೊದಲನೆಯ ಟೇಕೇ ಬೇಕಂತೆ. ಮುಖ ಅದರಲ್ಲಿ ಅದ್ಭುತವಾಗಿದೆ, ಎರಡನೆಯದರಲ್ಲಿ ಮೈಕು ನೋಡಿ ಕೆಡಿಸಿದ್ದಾರೆ, ಅಂಕಿಗಳ ಮೇಲೆ ಮಾತು ಕೂರಿಸಿದರಾಯಿತು ಎಂದರಂತೆ. ನಾನು ಮಿರ್ದಿಫ್‌ಗೆ ಓಡಿದೆ. ಅಲ್ಲಿ ನೋಡಿದರೆ ಪಾವೊಲಾ ಆಗಲೇ ಒಪ್ಪಿದ್ದಳು. ಅಷ್ಟೇ ಅಲ್ಲ, ಆ ಗುಡುಗು ಸ್ವರದವರು ತೀರಿಕೊಂಡಿದ್ದರೂ ಕಂಪ್ಯೂಟರಿನಲ್ಲಿ ಅದೇ ಸ್ವರ ಮಾಡಿಕೊಡುವವರು ರೋಮಿನಲ್ಲಿದ್ದಾರೆ ಎಂದು ವಿಚಾರಿಸಿಯೂ ಇಟ್ಟಿದ್ದಳು.

"ಪ್ರಪಂಚಕ್ಕೆ ಗೊತ್ತಿರೋ ಸ್ವರ ಅದು," ಎಂದಳು. "ಕಾಯಿಲೆ ಸ್ವರವನ್ನ ಪಪಾನ ಕೊನೇ ನೆನಪಾಗಿ ಬಿಡ್ಬೇಕಾ?"

"ಅದು ಕಾಯಿಲೆ ಅಲ್ಲ, ಪಾವೊಲಾ. ಅದೇ ಅವರದ್ದು."

"ನಾನು ಅವ್ರ ಮಗಳು, ಸುಮಿತ್ರಾ. ನೀನು ಥೆರಪಿಸ್ಟ್."

ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಆ ವಾರಾಂತ್ಯ ರುವೈಸ್‌ನಿಂದ ನನ್ನ ಗಂಡ ಹರೀಶ ಬಂದಿದ್ದರು. ರಿಫೈನರಿಯಲ್ಲಿ ವಾರವಿಡೀ ದುಡಿದು ಬಂದವರ ಎದುರು ನಾನು ಪಾತ್ರೆ ಕುಕ್ಕುತ್ತಾ ಇದೇ ಪುರಾಣ ಹೇಳಿದೆ. "ಎಂತ ಮಾರಾಯ್ತಿ, ಬೇರೆಯವರ ಅಪ್ಪ-ಮಗಳ ವಿಷಯದಲ್ಲಿ ನಿಂದು ಎಂತ ಉಂಟು?" ಎಂದರು. ಸರಿಯಾದ ಪ್ರಶ್ನೆಯೇ. ನನ್ನದು ಏನಿದೆ? ರಾತ್ರಿ ಊಟ ಬಡಿಸುವವರೆಗೂ ಯೋಚಿಸಿದೆ. ಜನರಿಗೆ ಅವರದೇ ಸ್ವರ ಮರಳಿ ಕೊಡುವುದಕ್ಕೆ ತಾನೇ ನನಗೆ ಸಂಬಳ ಕೊಡುವುದು? ಕೊಟ್ಟದ್ದನ್ನು ಕಣ್ಣೆದುರೇ ಕಿತ್ತುಕೊಳ್ಳುವಾಗ ಸುಮ್ಮನೆ ಕೂತರೆ ಇಷ್ಟು ವರ್ಷ ನಾನು ಮಾಡಿದ್ದು ಏನು? ಹರೀಶರಿಗೆ ಹಾಗೆಂದೇ ಹೇಳಿದೆ. ಅವರು ಸಾರು ಕಲಸಿಕೊಳ್ಳುತ್ತಾ, "ಹಾಗಾದ್ರೆ ಹೋಗು. ಜಗಳ ಮಾಡ್ಬೇಡ, ಕೇಳ್ಸು ಅಷ್ಟೆ" ಎಂದರು.

ಮತ್ತೆ ನಿಮ್ಮ ಮನೆಗೆ ಹೋದಾಗ ಪಾವೊಲಾ ಪೋಸ್ಟರುಗಳನ್ನು ಗೋಡೆಯಿಂದ ಇಳಿಸುತ್ತಿದ್ದಳು. ಬೈಯುತ್ತಾಳೆಂದುಕೊಂಡಿದ್ದೆ, ಸುಮ್ಮನೆ ಒಂದು ಪೋಸ್ಟರಿನ ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಅದನ್ನು ಸುರುಳಿ ಸುತ್ತುವಾಗ ನಾನು ನಿಧಾನವಾಗಿ ಆ ಟಾಕೀಸಿನ ಕಥೆ ಹೇಳಿದೆ. ಅಮ್ಮನ ತೊಡೆಯ ಮೇಲೆ ಕೂತಿದ್ದ ಮಗು, ಪರದೆಯ ಮೇಲಿನ ಪಪಾ, ಆ ಕೂಗು.

"ನಾನು ಹಾಗಂದ್ನಾ?" ಎಂದಳು. ಅವಳಿಗೆ ನೆನಪೇ ಇರಲಿಲ್ಲ.

"ಅಂದಿದ್ದೆ. ಅವರು ಅದನ್ನ ಮರೆತಿರಲಿಲ್ಲ."

ಫೋನು ತೆಗೆದು ಮೇಜಿನ ಮೇಲಿಟ್ಟೆ. ಶಮ್ಮಾಳಿಂದ ಎರಡನೆಯ ಟೇಕಿನ ಧ್ವನಿಯನ್ನಷ್ಟೇ ತರಿಸಿಕೊಂಡಿದ್ದೆ, ಚಿತ್ರ ಬೇಡವೆಂದಿದ್ದೆ. ಒತ್ತಿದೆ. ಶಟರಿನ ಕರಕರ, ಆಮೇಲೆ ನಿಮ್ಮ ಉಸಿರು, ಆಮೇಲೆ… ಸರಿಯಾಗಿ ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನ. ಮಾತು ಮುಳುಗಿಹೋಯಿತು. ಇಬ್ಬರೂ ಬಾಯಿ ಮುಚ್ಚಿ ಅದು ಇಳಿಯುವವರೆಗೆ ಕಾದೆವು. "ಇನ್ನೊಂದ್ಸಲ," ಎಂದಳು. ಈ ಸಲ ಪೂರ್ತಿ ಕೇಳಿಸಿತು. ಆ ಕೊನೆಯ ಅರ್ಧ ಶಬ್ದ ಬಂದಾಗ ಅವಳು ಕೈಯಲ್ಲಿದ್ದ ಸುರುಳಿಯನ್ನು ಬಿಟ್ಟಳು. "ನನ್ನ ಅಜ್ಜಿ ಹೀಗೇ ಹೇಳ್ತಿದ್ದದ್ದು," ಎಂದಳು. "ಬೆಟ್ಟದ ಮನೇಲಿ. ಕೋಳಿಗಳನ್ನ ಒಳಗೆ ಕರೆಯುವಾಗ." ಆಮೇಲೆ ಅಳತೊಡಗಿದಳು. ಅದು ನಟನೆ ಅಲ್ಲ, ನಿಮ್ಮ ಮಗಳಿಗೆ ನಟನೆ ಬರುವುದಿಲ್ಲ. ನಾನೂ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆ ಏನಿದೆ?

ಶಮ್ಮಾಳಿಗೆ ಫೋನು ಮಾಡಿದ್ದು ಅವಳೇ. ಎರಡನೆಯದನ್ನೇ ಹಾಕು ಎಂದಳು. ಆ ಕಡೆಯಿಂದ ಶಮ್ಮಾ ಮೇಷ್ಟರ ವಿಷಯ ತೆಗೆದಳು, ಉಸ್ತಾದ್ ಮೈಕು ನೋಡಿದ್ದಾರೆ ಎಂದಳು. "ನೋಡಿದ್ರೆ ನೋಡಿದ್ರು," ಎಂದಳು ಪಾವೊಲಾ, "ಮೊದಲ್ನೇ ಸಲ ನೋಡಿದ್ದು ಅವ್ರು. ಪಪಾನ ಬಾಯಿಗೆ ಬೇರೆಯವ್ರ ಸ್ವರ ಇನ್ಮೇಲೆ ಇಲ್ಲ. ಖಲಾಸ್." ಶಮ್ಮಾ, "ನಂಗೂ ಅದೇ ಬೇಕಿತ್ತು" ಎಂದಳು. ಮೇಷ್ಟರ ಜೊತೆ ಅವಳು ಹೇಗೆ ಹೋರಾಡಿದಳೋ, ಆ ಕಥೆ ಅವಳದ್ದು.

ಸುದ್ದಿಗೆ ಬರುವ ಮೊದಲು ಇನ್ನೊಂದನ್ನು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಈ ವರ್ಷದ ತುಳು ನಾಟಕಕ್ಕೆ ಕಳೆದ ವಾರ ಮೀಟಿಂಗ್ ಕರೆದಿದ್ದರು. ಮಾತು ನನ್ನದೇ, ವೇದಿಕೆಯ ಮೇಲೆಯೇ, ಇಲ್ಲವಾದರೆ ಅತ್ತೆಯನ್ನು ಬೇರೆ ಕಡೆ ಹುಡುಕಿಕೊಳ್ಳಿ ಎಂದೆ. ನಿರ್ದೇಶಕರು, "ಮೈಕು ಹಾಳಾದ್ರೆ ಎಂತ ಮಾಡುದು?" ಎಂದರು. "ಬೊಬ್ಬೆ ಹಾಕ್ತೇನೆ" ಎಂದೆ. ಗಡಸು ಸ್ವರಕ್ಕೆ ಅದೊಂದು ಅನುಕೂಲ ಇದೆಯಲ್ಲ. ಮಾಡಿಯೇ ತೋರಿಸುತ್ತೇನೆ, ಅಜ್ಜೇರೇ. ಇದು ನಿಮಗೆ ಕೊಡುವ ಮಾತು.

ಮೊನ್ನೆ ಅಬುಧಾಬಿಯ ಕಾಲೇಜಿನ ಹಾಲಿನಲ್ಲಿ ನಿಮ್ಮ ಚಿತ್ರ ತೋರಿಸಿದರು. ಹರೀಶ ರುವೈಸ್‌ನಿಂದ ನೇರ ಬಂದಿದ್ದರು, ಶೂಸಿನಲ್ಲಿ ಇನ್ನೂ ಮರಳಿತ್ತು. ಪಾವೊಲಾ ನನ್ನ ಪಕ್ಕ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಸತ್ವಾದ ನಮ್ಮ ಗಲ್ಲಿ ಪರದೆಯ ಮೇಲೆ ಬಂತು, ಅಂಗಡಿ ಬಂತು, ನೀವು ಬಂದಿರಿ. ಶಟರ್ ಇಳಿಯತೊಡಗಿತು. ನೀವು ಕಣ್ಣೆತ್ತಿ ಮೇಲೆ ನೋಡಿದಿರಿ. ಅದು ಮೈಕು ಎಂದು ಅಲ್ಲಿ ಯಾರಿಗೆ ಗೊತ್ತು? ಇಳಿಯುತ್ತಿರುವ ಶಟರಿನ ಕಡೆ ನೋಡಿದ ಹಾಗೆಯೇ ಇತ್ತು. ಆಮೇಲೆ ಆ ಮಾತು. ತೆಳುವಾಗಿ, ಒಡೆದು, ನಿಮ್ಮ ಅಮ್ಮನ ಅರ್ಧ ಶಬ್ದದೊಂದಿಗೆ.

ಕೊನೆಯಲ್ಲಿ ಕಪ್ಪು ಪರದೆಯ ಮೇಲೆ ಹೆಸರುಗಳು ಬಂದವು. ಮೊದಲು ನಟ, ಆಂಬ್ರೋಜೊ. ಕೌಬಾಯ್ ಹೆಸರಲ್ಲ, ನಿಮ್ಮ ಅಪ್ಪ ಅಮ್ಮ ಇಟ್ಟದ್ದು. ಅದರ ಕೆಳಗೆ ಶಮ್ಮಾ ನಮಗ್ಯಾರಿಗೂ ಹೇಳದೆ ಇನ್ನೊಂದು ಸಾಲು ಹಾಕಿದ್ದಳು. ಧ್ವನಿ, ಆಂಬ್ರೋಜೊ. ಪಾವೊಲಾ ನನ್ನ ಕೈ ಬಿಟ್ಟು ಎದ್ದು ನಿಂತಳು. ಕತ್ತಲಲ್ಲಿ, ಇಡೀ ಹಾಲಿಗೆ ಕೇಳುವಂತೆ, "ಇದು ನನ್ನ ಪಪಾ" ಎಂದಳು. ಜನ ತಿರುಗಿ ನೋಡಿದರು. ಈ ಸಲ ಯಾರೂ ನಗಲಿಲ್ಲ, ಅಜ್ಜೇರೇ.

ನಿಮ್ಮ
ಸುಮಿತ್ರಾ
ಸತ್ವಾ, ದುಬೈ